ಬಿರಿದ ಎರೆ ಮಣ್ಣು: ಮನೆಯ ಅರ್ಥಿಂಗ್ ಮತ್ತು ಹಿತ್ತಲ ಗೋಡೆ

ಏಪ್ರಿಲ್ ಇಲ್ಲವೆ ಮೇ ತಿಂಗಳಲ್ಲಿ ಬೈಲಹೊಂಗಲದಿಂದ ಸವದತ್ತಿಯ ಕಡೆಗೆ ಹೋದವರು ರಸ್ತೆಯ ಬದಿಯ ಎರೆ ಹೊಲಗಳನ್ನು ನೋಡಿರುತ್ತಾರೆ. ಜೋಳ, ಕಡಲೆ ಕೊಯ್ಲಾಗಿ ಬರಿದಾದ ನೆಲ ಅಂಗೈ ಇಳಿಯುವಷ್ಟು ಅಗಲವಾಗಿ ಬಿರಿದಿರುತ್ತದೆ. ಹೊಲದಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಮನೆಯ ಸುತ್ತ ಕಾಣುವುದಿಲ್ಲ. ಆದರೆ ನಿಮ್ಮ ಕಾಂಪೌಂಡ್ ಗೋಡೆಯ ತಳಪಾಯ ನಿಂತಿರುವುದು ಅದೇ ಮಣ್ಣಿನಲ್ಲಿ. ಮನೆಯ ಅರ್ಥಿಂಗ್ ಪೈಪು ಹುಗಿದಿರುವುದೂ ಅದೇ ಮಣ್ಣಿನಲ್ಲಿ. ಗೋಡೆ ಸೀಳಿದರೆ ಹಣ ಹೋಗುತ್ತದೆ. ಅರ್ಥಿಂಗ್ ಕೆಟ್ಟರೆ ಜೀವ ಹೋಗಬಹುದು. ಆದ್ದರಿಂದ ಅರ್ಥಿಂಗ್‌ನ ವಿಚಾರವನ್ನೇ ಮೊದಲು ನೋಡೋಣ.

ಒಂದೇ ಜಿಲ್ಲೆ, ಬೇರೆ ಬೇರೆ ನೆಲ

ಬೈಲಹೊಂಗಲದ ಸುತ್ತ ಎರೆ ಮಣ್ಣೇ ಹೆಚ್ಚು. ಹಿಂದೆ ಬೈಲಹೊಂಗಲ ತಾಲ್ಲೂಕಿಗೇ ಸೇರಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಕಿತ್ತೂರಿನಿಂದ ಪಶ್ಚಿಮಕ್ಕೆ, ಮಲೆನಾಡಿನ ಅಂಚಿಗೆ ಸರಿದಂತೆ ಮಸಾರಿ ಮತ್ತು ಜಂಬಿಟ್ಟಿಗೆ ನೆಲ ಸಿಗುತ್ತದೆ. ಸವದತ್ತಿಯ ಎಲ್ಲಮ್ಮನ ಗುಡ್ಡ, ಮಲಪ್ರಭೆ ಬೆಟ್ಟವನ್ನು ಸೀಳಿಕೊಂಡು ಹರಿಯುವ ನವಿಲುತೀರ್ಥ, ರಾಮದುರ್ಗದ ಸುತ್ತಲಿನ ಗುಡ್ಡಗಳು ಇವೆಲ್ಲ ಗಟ್ಟಿಯಾದ ಮರಳುಕಲ್ಲಿನ ಜಾತಿಯವು. ಗುಡ್ಡದ ಬುಡದ ಬಯಲಿಗೆ ಇಳಿದರೆ ಮತ್ತೆ ಎರೆ ಮಣ್ಣು. ಹೀಗಾಗಿ ಒಂದೇ ಊರಿನ ಎರಡು ಓಣಿಗಳಲ್ಲಿ ಅರ್ಥಿಂಗ್‌ನ ಗುಣ ಬೇರೆ ಬೇರೆಯಾಗಿರುತ್ತದೆ. ಪಕ್ಕದ ಮನೆಯಲ್ಲಿ ಮಾಡಿದಂತೆಯೇ ನಮ್ಮಲ್ಲಿಯೂ ಮಾಡಿದರೆ ಸಾಕು ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಪೈಪು ಮತ್ತು ಮಣ್ಣಿನ ಲೆಕ್ಕ

ಅರ್ಥಿಂಗ್ ಎಂದರೆ ಗೀಸರ್, ಫ್ರಿಜ್, ಇಸ್ತ್ರಿ ಪೆಟ್ಟಿಗೆ ಮುಂತಾದವುಗಳ ಲೋಹದ ಮೈಯನ್ನು ತಂತಿಯ ಮೂಲಕ ನೆಲಕ್ಕೆ ಜೋಡಿಸುವುದು. ಇದು ನಿಮಗೆ ಗೊತ್ತು. ಆದರೆ ನೆಲಕ್ಕೂ ರೋಧವಿದೆ ಎಂಬುದನ್ನು ನಾವು ಬಹುಮಟ್ಟಿಗೆ ಮರೆತುಬಿಡುತ್ತೇವೆ. ಎರಡೂವರೆ ಮೀಟರ್ ಉದ್ದ, 4 ಸೆಂ.ಮೀ. ವ್ಯಾಸದ ಪೈಪನ್ನು ನೆಟ್ಟಗೆ ಹುಗಿದರೆ ಅದರ ಅರ್ಥಿಂಗ್ ರೋಧವು ಮಣ್ಣಿನ ರೋಧಶೀಲತೆಯ ಸುಮಾರು ಮೂರನೇ ಒಂದು ಭಾಗದಷ್ಟಾಗುತ್ತದೆ. ತೇವವಿರುವ ಎರೆ ಮಣ್ಣಿನ ರೋಧಶೀಲತೆ 10 ಓಮ್-ಮೀಟರ್ ಎಂದುಕೊಳ್ಳಿ. ಆಗ ಅರ್ಥಿಂಗ್ ರೋಧ ಸುಮಾರು 3.3 ಓಮ್. ಬಹಳ ಒಳ್ಳೆಯದು. ಮಣ್ಣು ಒಣಗಿ ರೋಧಶೀಲತೆ 120ಕ್ಕೆ ಏರಿತು ಎನ್ನಿ. ರೋಧ 40 ಓಮ್ ಆಗುತ್ತದೆ. ಕಲ್ಲು ನೆಲದಲ್ಲಿ ಇದಕ್ಕಿಂತಲೂ ಹೆಚ್ಚು ಬರುತ್ತದೆ.

ಇನ್ನೊಂದು ಸಂಗತಿ ಇದೆ. ಈ ರೋಧದ ಶೇಕಡ 40ಕ್ಕೂ ಹೆಚ್ಚು ಪಾಲು ಪೈಪಿನ ಸುತ್ತಲಿನ ಮೊದಲ ಒಂದು ಗೇಣು ಮಣ್ಣಿನಲ್ಲಿಯೇ ಇರುತ್ತದೆ. ಏಕೆಂದರೆ ಪೈಪಿನ ಹತ್ತಿರ ಪ್ರವಾಹಕ್ಕೆ ಸಿಗುವ ದಾರಿ ಕಿರಿದು. ದೂರ ಹೋದಂತೆ ಅದು ಅಗಲವಾಗುತ್ತದೆ. ಎರೆ ಮಣ್ಣು ಒಣಗಿದಾಗ ಕುಗ್ಗಿ ಪೈಪಿನಿಂದ ದೂರ ಸರಿಯುವುದು ಈ ಗೇಣಿನಲ್ಲಿಯೇ. ಅಂದರೆ ಮಳೆಗಾಲದಲ್ಲಿ ಅತ್ಯುತ್ತಮವಾಗಿದ್ದ ಅರ್ಥಿಂಗ್ ಬೇಸಿಗೆಯಲ್ಲಿ ಗಾಳಿಯಲ್ಲಿ ನಿಂತ ಪೈಪಾಗಬಹುದು.

ಈಗ ಒಂದು ದೋಷವನ್ನು ಊಹಿಸಿಕೊಳ್ಳಿ. ಗೀಸರಿನೊಳಗಿನ ಫೇಸ್ ತಂತಿ ಅದರ ಮೈಗೆ ತಾಗಿದೆ. ಮನೆಯ ಅರ್ಥಿಂಗ್ ರೋಧ 40 ಓಮ್, ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ ಅರ್ಥಿಂಗ್ 5 ಓಮ್ ಇರಲಿ. ಓಮನ ನಿಯಮದಂತೆ 230 ವೋಲ್ಟನ್ನು 45ರಿಂದ ಭಾಗಿಸಿದರೆ ಪ್ರವಾಹ ಸುಮಾರು 5.1 ಆಂಪಿಯರ್. 16 ಆಂಪಿಯರಿನ ಫ್ಯೂಸ್ ಇಲ್ಲವೆ ಎಂಸಿಬಿ ಇದಕ್ಕೆ ಅಲುಗಾಡುವುದೂ ಇಲ್ಲ. ಗೀಸರಿನ ಮೈ ಮೇಲೆ ಉಳಿಯುವ ವಿಭವ 5.1ನ್ನು 40ರಿಂದ ಗುಣಿಸಿದಷ್ಟು, ಅಂದರೆ 204 ವೋಲ್ಟ್! ಅಷ್ಟೇ ಅಲ್ಲ. ಮನೆಯ ಎಲ್ಲ ಉಪಕರಣಗಳ ಅರ್ಥ್ ತಂತಿಯೂ ಒಂದೇ ಆದ್ದರಿಂದ ದೋಷವಿಲ್ಲದ ಫ್ರಿಜ್, ವಾಷಿಂಗ್ ಮಷೀನ್‌ಗಳ ಮೈಗೂ ಅದೇ 204 ವೋಲ್ಟ್ ಬರುತ್ತದೆ. ಕೆಟ್ಟ ಅರ್ಥಿಂಗ್ ಅಪಾಯವನ್ನು ತಡೆಯುವ ಬದಲು ಮನೆಗೆಲ್ಲ ಹಂಚುತ್ತದೆ.

ಬಲ್ಬು ಹೊತ್ತಿದರೆ ಸಾಕೆ?

ಫೇಸ್ ಮತ್ತು ಅರ್ಥ್ ನಡುವೆ ನೂರು ವಾಟಿನ ಬಲ್ಬು ಹಾಕಿ, ಅದು ಹೊತ್ತಿದರೆ ‘ಅರ್ಥಿಂಗ್ ಸರಿ ಇದೆ’ ಎನ್ನುವುದು ನಮ್ಮಲ್ಲಿ ವಾಡಿಕೆ. ವಿದ್ಯಾರ್ಥಿಗಳಿಂದಲೇ ಲೆಕ್ಕ ಮಾಡಿಸಿ. ಹೊತ್ತಿದ ನೂರು ವಾಟಿನ ತಂತು ಬಲ್ಬಿನ ರೋಧ 230ರ ವರ್ಗವನ್ನು 100ರಿಂದ ಭಾಗಿಸಿದಾಗ ಸಿಗುವ 529 ಓಮ್. ಇದರೊಂದಿಗೆ 40 ಓಮ್‌ನ ಅರ್ಥಿಂಗ್ ಸರಣಿಯಲ್ಲಿದ್ದರೆ ಬಲ್ಬಿಗೆ ಸುಮಾರು 214 ವೋಲ್ಟ್ ಸಿಗುತ್ತದೆ. ಕಣ್ಣಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಬಲ್ಬಿನ ಪರೀಕ್ಷೆಯಿಂದ ತಂತಿ ಎಲ್ಲಿಯೂ ಹರಿದಿಲ್ಲ ಎಂದಷ್ಟೇ ತಿಳಿಯುತ್ತದೆ. ರೋಧವನ್ನು ಅಳೆಯಬೇಕಾದರೆ ನೆಲಕ್ಕೆ ಎರಡು ಸಣ್ಣ ಗೂಟ ಹೊಡೆದು ಅಳೆಯುವ ಅರ್ಥ್ ಟೆಸ್ಟರ್ ಬೇಕು. ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರ ಬಳಿ ಅದು ಇರುತ್ತದೆ. ಅಳತೆಯನ್ನು ಮೇ ತಿಂಗಳಲ್ಲಿ ಮಾಡಿಸಿ. ಆಗಸ್ಟಿನ ಅಳತೆಯನ್ನು ನಂಬಿ ಕೂರಬೇಡಿ.

ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ಹಾಕುವುದು ಹಳೆಯ ಪದ್ಧತಿ. ಉಪ್ಪು ರೋಧವನ್ನು ತಗ್ಗಿಸುವುದು ನಿಜ, ಆದರೆ ಕಬ್ಬಿಣದ ಪೈಪನ್ನು ತಿನ್ನುತ್ತದೆ, ಮಳೆನೀರಿನೊಂದಿಗೆ ಕೊಚ್ಚಿಹೋಗುತ್ತದೆ. ಈಗ ಅಂಗಡಿಯಲ್ಲಿ ಬೆಂಟೊನೈಟ್ ಚೀಲಗಳು ಸಿಗುತ್ತವೆ. ಬೆಂಟೊನೈಟಿನ ಮುಖ್ಯ ಖನಿಜ ಮಾಂಟ್‌ಮೊರಿಲೊನೈಟ್. ನಿಮ್ಮ ಎರೆ ಹೊಲದ ಜೇಡಿಯೂ ಅದೇ ಕುಲದ್ದು! ಒಣಗಿದರೆ ಅದೂ ಪೈಪನ್ನು ಬಿಟ್ಟು ಸರಿಯುತ್ತದೆ. ಎರೆ ನೆಲದಲ್ಲಿ ಪೈಪನ್ನು ಮೂರು ಮೀಟರಿಗಿಂತ ಆಳಕ್ಕೆ, ಬೇಸಿಗೆಯಲ್ಲೂ ತೇವ ಉಳಿಯುವಲ್ಲಿಗೆ ಇಳಿಸುವುದು ಮತ್ತು ಬೇಸಿಗೆಯಲ್ಲಿ ವಾರಕ್ಕೆರಡು ಕೊಡ ನೀರು ಹಾಕುವುದೇ ಒಳ್ಳೆಯ ಉಪಾಯ. ಗುಡ್ಡದ ಮೇಲಿನ ಮನೆಗಳಲ್ಲಿ ಪೈಪು ಇಳಿಯದಿದ್ದರೆ ಉದ್ದನೆಯ ಕಾಲುವೆ ತೋಡಿ ಲೋಹದ ಪಟ್ಟಿಯನ್ನು ಅಡ್ಡಲಾಗಿ ಹುಗಿಯಬಹುದು. ಈ ವಿವರಗಳೆಲ್ಲ ಭಾರತೀಯ ಮಾನಕ ಐಎಸ್ 3043ರಲ್ಲಿವೆ.

ಜೀವ ಉಳಿಸುವ ಸಾಧನ

ಮೇಲಿನ ಲೆಕ್ಕದಿಂದ ಒಂದು ಮಾತು ಸ್ಪಷ್ಟ: ಇಂಥ ನೆಲದಲ್ಲಿ ಎಂಸಿಬಿ ಮತ್ತು ಅರ್ಥಿಂಗ್ ಎರಡೇ ಸಾಲವು. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕೇ ಬೇಕು. ಫೇಸಿನಲ್ಲಿ ಹೋದ ಪ್ರವಾಹ ಪೂರ್ತಿಯಾಗಿ ನ್ಯೂಟ್ರಲ್‌ನಲ್ಲಿ ಮರಳಿ ಬಾರದಿದ್ದರೆ ಅದು ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ. ನಮ್ಮ ಉದಾಹರಣೆಯಲ್ಲಿ ಸೋರುತ್ತಿರುವುದು 5.1 ಆಂಪಿಯರ್, ಅಂದರೆ ಅದಕ್ಕೆ ಬೇಕಾದುದಕ್ಕಿಂತ 170 ಪಟ್ಟು. ಮೈಮೇಲಿನ ವಿಭವ 50 ವೋಲ್ಟ್ ದಾಟದಂತೆ ನೋಡಿಕೊಳ್ಳಲು ಆರ್‌ಸಿಸಿಬಿ ಇದ್ದರೆ 1,600 ಓಮ್‌ನ ಅರ್ಥಿಂಗ್ ಕೂಡ ಲೆಕ್ಕಕ್ಕೆ ಸಾಲುತ್ತದೆ. ಆದರೆ ಅರ್ಥಿಂಗೇ ಇಲ್ಲದಿದ್ದರೆ ಯಾರಾದರೂ ಮುಟ್ಟಿದ ಮೇಲೆಯೇ ಅದು ಕಡಿಯುತ್ತದೆ. ಆದ್ದರಿಂದ ಎರಡೂ ಇರಲಿ. ಅದರ ಮೇಲಿನ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ.

ಆರ್‌ಸಿಸಿಬಿ ಪದೇಪದೇ ಬೀಳುತ್ತದೆ ಎಂದು ಅದನ್ನು ತೆಗೆಸಿಹಾಕುವವರಿದ್ದಾರೆ. ಅದು ಬೀಳುವುದು ಎಲ್ಲೋ ಸೋರಿಕೆ ಇದೆ ಎಂದೇ. ಇನ್ನೂ ಕೆಟ್ಟದ್ದು, ಅರ್ಥಿಂಗ್ ಸರಿಯಿಲ್ಲವೆಂದು ಸಾಕೆಟ್ಟಿನೊಳಗೆ ಅರ್ಥ್ ಮತ್ತು ನ್ಯೂಟ್ರಲ್‌ಗಳನ್ನು ಕೂಡಿಸಿಬಿಡುವುದು. ಕಂಬದಿಂದ ಬರುವ ನ್ಯೂಟ್ರಲ್ ಹರಿದ ದಿನ ಎಲ್ಲ ಉಪಕರಣಗಳ ಮೈಗೂ ಫೇಸ್ ಬರುತ್ತದೆ. ಸರ್ವಿಸ್ ವೈರನ್ನು ಹೊತ್ತ ಜಿಐ ತಂತಿಗೆ ಬಟ್ಟೆ ಒಣಹಾಕುವ ತಂತಿ ಕಟ್ಟುವುದೂ ಇಷ್ಟೇ ಅಪಾಯಕಾರಿ. ಅದಕ್ಕೆ ನೈಲಾನ್ ಹಗ್ಗ ಬಳಸಿ.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಮುನವಳ್ಳಿ, ರಾಮದುರ್ಗಗಳಲ್ಲಿ ಮನೆಗಳಿಗೆ ನೀರು ನುಗ್ಗಿತ್ತು. ಹಾಗೆ ನೆನೆದ ಮನೆಯಲ್ಲಿ ಗೋಡೆ ಮೇಲ್ನೋಟಕ್ಕೆ ಒಣಗಿದ್ದರೂ ಪೈಪಿನೊಳಗೆ ನೀರು ನಿಂತಿರುತ್ತದೆ. ನಿರೋಧಕ ಹೊದಿಕೆಯನ್ನು ಮೆಗ್ಗರ್‌ನಿಂದ ಅಳೆಯಿಸದೆ ಮೇನ್ ಸ್ವಿಚ್ ಹಾಕಬಾರದು.

ಬಿಸಿನೀರಿನ ಕಾಯಿಲು

ಹತ್ತಿ ಕಟ್ಟಿಗೆ ಉರಿಸಿ ತಾಮ್ರದ ಹಂಡೆಯಲ್ಲಿ ನೀರು ಕಾಯಿಸುತ್ತಿದ್ದ ಬಚ್ಚಲಿಗೆ ಈಗ ಕಾಯಿಲ್ ಬಂದಿದೆ. 20 ಲೀಟರ್ ನೀರನ್ನು 20ರಿಂದ 45 ಡಿಗ್ರಿಗೆ ಏರಿಸಲು ಸುಮಾರು 2,090 ಕಿಲೋಜೂಲ್ ಶಕ್ತಿ ಬೇಕು. 1,500 ವಾಟಿನ ಕಾಯಿಲಿಗೆ ಇದು 23 ನಿಮಿಷದ ಕೆಲಸ, 0.6 ಯೂನಿಟ್ಟಿಗೂ ಕಡಿಮೆ ಖರ್ಚು. ಅಗ್ಗ ನಿಜ. ಆದರೆ ಬೋರಿನ ಗಡಸು ನೀರಿನಿಂದ ಕಾಯಿಲಿನ ಮೇಲೆ ಸುಣ್ಣದ ಹರಳು ಕಟ್ಟುತ್ತದೆ, ಒಳಗಿನ ಬಿಸಿ ಹೊರಬಾರದೆ ಹೊದಿಕೆ ಸೀಳುತ್ತದೆ, ನೀರಿಗೆ ಕರೆಂಟು ಇಳಿಯುತ್ತದೆ. ಅದನ್ನು ಹಳೆಯ ತಾಮ್ರದ ಹಂಡೆಯಲ್ಲಿಯೇ ಇಳಿಬಿಟ್ಟರೆ ಹಂಡೆಯ ಮೈ ಪೂರ್ತಿ ಫೇಸ್ ಆಗುತ್ತದೆ. ಪ್ಲಾಸ್ಟಿಕ್ ಬಕೀಟು, ಮೂರು ಪಿನ್ನಿನ 16 ಆಂಪಿಯರ್ ಸಾಕೆಟ್, ಸ್ವಿಚ್ ಆರಿಸಿ ಪಿನ್ ಕಿತ್ತ ಮೇಲೆಯೇ ನೀರು ಮುಟ್ಟುವುದು: ಇಷ್ಟನ್ನು ಮನೆಯ ಮಕ್ಕಳಿಗೂ ಕಲಿಸಿ.

ಗೋಡೆ ಯಾರ ಕಡೆಗೆ ವಾಲುತ್ತದೆ?

ಮನೆ ಗಟ್ಟಿಯಾಗಿ ನಿಂತಿರುವಾಗ ಕಾಂಪೌಂಡ್ ಗೋಡೆಯೇ ಮೊದಲು ಸೀಳುವುದು ಏಕೆ? ಅದು ಹಗುರ, ಉಬ್ಬುವ ಮಣ್ಣನ್ನು ಅದುಮಿಡುವ ಭಾರ ಅದಕ್ಕಿಲ್ಲ. ಮನೆಯ ನಡುಭಾಗದ ಮಣ್ಣಿಗೆ ಬಿಸಿಲೂ ಮಳೆಯೂ ತಾಗುವುದಿಲ್ಲ, ಗೋಡೆಗಾದರೋ ಎರಡು ಕಡೆಯಿಂದಲೂ ತಾಗುತ್ತದೆ. ಒಂದು ಬದಿಯವರು ಹಿತ್ತಲಲ್ಲಿ ಬಾಳೆ ಬೆಳೆಸಿ ದಿನವೂ ನೀರು ಹಾಯಿಸಿದರೆ ಆ ಬದಿಯ ಮಣ್ಣು ಉಬ್ಬಿ ತಳಪಾಯವನ್ನು ಎತ್ತುತ್ತದೆ, ಗೋಡೆ ಒಣ ಬದಿಗೆ ವಾಲುತ್ತದೆ. ಒಂದು ಬದಿ ಬೇವಿನ ಮರವಿದ್ದರೆ ಬೇರು ನೀರು ಹೀರಿ ಮಣ್ಣು ಕುಗ್ಗುತ್ತದೆ, ಗೋಡೆ ಮರದ ಕಡೆಗೆ ವಾಲುತ್ತದೆ. ‘ನೀವು ನೂಕಿದಿರಿ’, ‘ನೀವು ಅಗೆದಿರಿ’ ಎಂಬ ನೆರೆಮನೆಯ ಜಗಳಗಳಲ್ಲಿ ಎಷ್ಟೋ ಸಲ ತಪ್ಪಿತಸ್ಥ ಮಣ್ಣೇ ಆಗಿರುತ್ತದೆ. ಗಡಿ ಎಲ್ಲಿ ಎಂಬ ಜಗಳವಾದರೆ ಅದು ಬೇರೆ. ಹೊಲಕ್ಕೆ ಭೂಮಾಪಕರಿಂದ ಹದ್ದುಬಸ್ತು ಮಾಡಿಸಿಕೊಳ್ಳಬೇಕು.

ಕಟ್ಟುವ ಮೊದಲು ಮಣ್ಣನ್ನು ಪರೀಕ್ಷಿಸುವುದು ಶಾಲೆಯಲ್ಲಿಯೇ ಸಾಧ್ಯ. ಒಣಗಿಸಿ ಜರಡಿ ಹಿಡಿದ 10 ಮಿ.ಲೀ. ಮಣ್ಣನ್ನು ಎರಡು ಅಳತೆ ಜಾಡಿಗಳಿಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ ಕಲಕಿ ಒಂದು ದಿನ ಬಿಡಿ. ಸೀಮೆಎಣ್ಣೆ ಜೇಡಿಯ ಪದರಗಳ ನಡುವೆ ನುಗ್ಗುವುದಿಲ್ಲ, ಆದ್ದರಿಂದ ಅಲ್ಲಿ ಮಣ್ಣು ಉಬ್ಬುವುದಿಲ್ಲ. ಸೀಮೆಎಣ್ಣೆಯಲ್ಲಿ 10, ನೀರಿನಲ್ಲಿ 18 ಮಿ.ಲೀ. ಬಂದರೆ ಉಬ್ಬುವಿಕೆ ಶೇಕಡ 80. ಶೇಕಡ 50 ದಾಟಿದರೆ ಸಾದಾ ತಳಪಾಯ ಬೇಡ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ನೆಲಕ್ಕೆಂದೇ ಬುಡದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಕಂಬಗಳನ್ನು ರೂಪಿಸಿತು. ತೇವ ಹೆಚ್ಚು ಬದಲಾಗದ ಸುಮಾರು ಮೂರೂವರೆ ಮೀಟರ್ ಆಳದಲ್ಲಿ ಗಡ್ಡೆ ಕೂರುತ್ತದೆ. ಮೇಲಿನ ತೊಲೆ ಮತ್ತು ನೆಲದ ನಡುವೆ ಮಣ್ಣು ಉಬ್ಬಲು ಜಾಗ ಬಿಡುತ್ತಾರೆ. ಅಷ್ಟು ಖರ್ಚು ಬೇಡವೆಂದರೆ ತಳದ ಎರೆ ತೆಗೆದು ಗರಸು ತುಂಬಿ ದಮ್ಮಸು ಮಾಡಿ, ಐದಾರು ಮೀಟರಿಗೊಂದು ಬಿಡಿ ಸಂದು ಕೊಟ್ಟು ಕಟ್ಟಿ. ಅರ್ಥಿಂಗ್ ಗುಂಡಿ ಗೋಡೆಯಿಂದ ಒಂದೂವರೆ ಮೀಟರಾದರೂ ದೂರವಿರಲಿ, ಇಲ್ಲವಾದರೆ ಅದಕ್ಕೆ ಹಾಕುವ ನೀರೇ ಗೋಡೆಯನ್ನು ಸೀಳುತ್ತದೆ.

ಗೋಡೆಯ ಬದಲು ಬೇಲಿ ಹಾಕಿ ಅದಕ್ಕೆ ಮನೆಯ ಕರೆಂಟನ್ನೇ ಕೊಡುವವರಿದ್ದಾರೆ. ಕಾಡುಹಂದಿಗೆಂದು ಹಾಕಿದ ತಂತಿಗೆ ಬಲಿಯಾಗುವವರು ನೀರು ಬಿಡಲು ರಾತ್ರಿ ಹೊರಟ ಮನೆಯವರೇ ಆಗಿರಬಹುದು. ಇದು ಅಪರಾಧವೂ ಹೌದು. ಮಾನ್ಯತೆ ಪಡೆದ ಬೇಲಿ ಯಂತ್ರ ಸೆಕೆಂಡಿಗೊಂದರಂತೆ, ಸಾವಿರದ ಕೆಲವೇ ಭಾಗಗಳಷ್ಟು ಹೊತ್ತಿನ ಮಿಡಿತ ಕೊಡುತ್ತದೆ. ಪ್ರಾಣಿ ಬೆಚ್ಚುತ್ತದೆ, ಸಾಯುವುದಿಲ್ಲ. ಆ ಮಿಡಿತ ಪ್ರಾಣಿಯ ಕಾಲಿನಿಂದ ಯಂತ್ರಕ್ಕೆ ಮರಳುವುದು ನೆಲದ ಮೂಲಕ. ಬೇಸಿಗೆಯಲ್ಲಿ ನೆಲ ಒಣಗಿ ಬೇಲಿ ‘ಹೊಡೆಯುವುದಿಲ್ಲ’ ಎನಿಸಿದಾಗಲೇ ಮನೆಯ ಕರೆಂಟು ಕೊಡುವ ಯೋಚನೆ ಬರುವುದು. ಅದಕ್ಕೆ ಪರಿಹಾರ ಸುಲಭ: ಬೇಲಿಯಲ್ಲಿ ಒಂದು ಬಿಟ್ಟು ಒಂದು ತಂತಿಯನ್ನು ಯಂತ್ರದ ಅರ್ಥ್ ತುದಿಗೆ ಜೋಡಿಸಿ. ಎರಡು ತಂತಿಗಳನ್ನು ಒಟ್ಟಿಗೆ ತಾಗಿದ ಪ್ರಾಣಿಗೆ ಮೇ ತಿಂಗಳಲ್ಲೂ ಮಿಡಿತ ಸಿಗುತ್ತದೆ.