ಬನಶಂಕರಿ ಜಾತ್ರೆ: ಬೆಳಕು ಹರಿಯುವ ತನಕ ಆಟ

ಪುಷ್ಯ ಮಾಸದ ಹುಣ್ಣಿಮೆಯನ್ನು ಬಾದಾಮಿ ಸೀಮೆಯ ಜನ ಬನದ ಹುಣ್ಣಿಮೆ ಎನ್ನುತ್ತಾರೆ. ಸಾಮಾನ್ಯವಾಗಿ ಜನವರಿಯಲ್ಲಿ ಬರುವ ಆ ದಿನದ ಸಂಜೆ, ಬಾದಾಮಿಯಿಂದ ಐದು ಕಿಲೋಮೀಟರ್ ದೂರದ ಚೊಳಚಗುಡ್ಡದ ಬಳಿ ಬನಶಂಕರಿಯ ತೇರು ಸಾಗುತ್ತದೆ. ಎಷ್ಟೋ ಊರುಗಳಲ್ಲಿ ತೇರು ಎಳೆದು ಉತ್ತತ್ತಿ, ಬಾಳೆಹಣ್ಣು ಎಸೆದರೆ ಜಾತ್ರೆ ಮುಗಿದ ಹಾಗೆ. ಇಲ್ಲಿ ತೇರು ಎಳೆದ ಮೇಲೆಯೇ ಜಾತ್ರೆ ಕಳೆಗಟ್ಟುತ್ತದೆ. ಮುಂದೆ ಸರಿಸುಮಾರು ಒಂದು ತಿಂಗಳು ಆ ಬಯಲಿನಲ್ಲಿ ಒಂದು ಊರೇ ಎದ್ದು ನಿಂತಿರುತ್ತದೆ. ಅಂಗಡಿಗಳ ಸಾಲು, ತೊಟ್ಟಿಲು, ದನದ ಪೇಟೆ, ಮಿರ್ಚಿ ಭಜಿಯ ಬಾಣಲೆ. ಅವುಗಳ ನಡುವೆ ತಗಡು ಹೊದ್ದ ದೊಡ್ಡ ದೊಡ್ಡ ನಾಟಕದ ಥೇಟರುಗಳು. ಉತ್ತರ ಕರ್ನಾಟಕದ ವೃತ್ತಿ ನಾಟಕ ಕಂಪನಿಗಳಿಗೆ ಈ ತಿಂಗಳೇ ವರ್ಷದ ಸುಗ್ಗಿ. ಕನ್ನಡದ ಕಂಪನಿ ನಾಟಕ ಈಗಲೂ ಉಸಿರಾಡುತ್ತಿರುವುದಕ್ಕೆ ಮುಖ್ಯ ಕಾರಣಗಳಲ್ಲಿ ಈ ಚಳಿಗಾಲದ ಜಾತ್ರೆಯೂ ಒಂದು ಎಂದು ನಾನು ನಂಬಿದ್ದೇನೆ.

ಮೊದಲು ದೇವಿಯ ಮಾತು. ಬನಶಂಕರಿ ಬಾದಾಮಿ ಚಾಲುಕ್ಯರ ಕುಲದೇವತೆ ಎಂಬುದು ಪ್ರತೀತಿ. ದೇವಾಂಗ ನೇಕಾರರಿಗೂ ಆಕೆಯೇ ಮನೆದೇವರು. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಕುಪ್ಪಸದ ಖಣ ಎರಡೂ ಹುಟ್ಟುವ ನಾಡಿನಲ್ಲಿ ನೇಕಾರರ ದೇವಿಯ ಜಾತ್ರೆ ಇಷ್ಟು ದೊಡ್ಡದಾಗಿ ಬೆಳೆದಿರುವುದು ಸಹಜವೇ. ಈಗಿರುವ ಗುಡಿಯ ಕಟ್ಟಡ ಹದಿನೆಂಟನೆಯ ಶತಮಾನದ್ದು. ಒಳಗೆ ಕಪ್ಪು ಶಿಲೆಯ, ಎಂಟು ತೋಳಿನ, ಸಿಂಹದ ಮೇಲೆ ಕೂತ ದೇವಿ. ಗುಡಿಯ ಮುಂದೆ ಹರಿದ್ರಾ ತೀರ್ಥ ಎಂಬ ಚೌಕನೆಯ ಹೊಂಡವಿದೆ. ಒಂದೊಂದು ಮಗ್ಗುಲೂ ಸುಮಾರು 360 ಅಡಿ, ಸುತ್ತಲೂ ಕಲ್ಲಿನ ಮಂಟಪದ ಸಾಲು, ಪಕ್ಕದಲ್ಲಿ ದೀಪಸ್ತಂಭಗಳು. ಹೊಂಡ ತುಂಬಿದ ವರ್ಷ ಹರಕೆ ಹೊತ್ತವರು ಬಾಳೆದಿಂಡಿನ ತೆಪ್ಪದಲ್ಲಿ ಕೂಸನ್ನು ಮಲಗಿಸಿ ನೀರಿನ ಮೇಲೆ ತೇಲಿಸಿಕೊಂಡು ಹೋಗುತ್ತಾರೆ. ದಂಡೆಯ ಮೇಲೆ ನಿಂತ ತಾಯಂದಿರ ಮುಖ ಆ ಹೊತ್ತಿನಲ್ಲಿ ನೋಡುವಂತಿರುತ್ತದೆ.

ಈ ದೇವಿಗೆ ಶಾಕಂಬರಿ ಎಂಬ ಹೆಸರೂ ಇದೆ. ನೂರು ವರ್ಷ ಮಳೆಯಿಲ್ಲದೆ ಲೋಕ ಕಂಗಾಲಾದಾಗ ದೇವಿ ತನ್ನ ಮೈಯಿಂದಲೇ ಕಾಯಿಪಲ್ಲೆ ಹುಟ್ಟಿಸಿ ಜೀವಿಗಳನ್ನು ಸಾಕುತ್ತಾಳೆ ಎಂಬ ಮಾತು ದೇವೀ ಮಹಾತ್ಮ್ಯೆಯಲ್ಲಿದೆ. ಮಳೆಯನ್ನು ಎದುರುನೋಡುತ್ತಲೇ ಬದುಕುವ ಬಾಗಲಕೋಟೆ ಸೀಮೆಯ ರೈತರಿಗೆ ಇದು ಬರೀ ಪುರಾಣವಾಗಿ ಉಳಿದಿಲ್ಲ. ಬನದ ಅಷ್ಟಮಿಗೆ ಆರಂಭವಾಗುವ ನವರಾತ್ರಿಯಲ್ಲಿ, ಹುಣ್ಣಿಮೆಯ ಹಿಂದಿನ ದಿನ ‘ಪಲ್ಲೇದ ಹಬ್ಬ’. 108 ಬಗೆಯ ಪಲ್ಯ ಮಾಡಿ ದೇವಿಗೆ ನೈವೇದ್ಯ ಒಪ್ಪಿಸುತ್ತಾರೆ. ಚಳಿಗಾಲದ ಹೊಲ, ತೋಟ ಕೊಡುವುದೆಲ್ಲ ಅಲ್ಲಿರಬೇಕು: ಬದನೆ, ಹೀರೆ, ಚವಳಿ, ಮೆಂತ್ಯೆ, ಪುಂಡಿ, ರಾಜಗಿರಿ, ಸಬ್ಬಸಗಿ, ಹಕ್ಕರಕಿ, ಎಳೆಯ ಕಡಲೆಯ ಸೊಪ್ಪು, ಉಳ್ಳಾಗಡ್ಡಿ ತಪ್ಪಲ. ಮನೆಯಲ್ಲಿ ನೂರೆಂಟು ಆಗದವರು ತಮ್ಮ ಕೈಲಾದಷ್ಟು ಪಲ್ಯ ಮಾಡುತ್ತಾರೆ. ಬಂಗಾರ, ರೇಷ್ಮೆಯ ಉತ್ಸವಗಳು ಎಷ್ಟೋ ಇವೆ; ಕಾಯಿಪಲ್ಲೆಯನ್ನೇ ಐಶ್ವರ್ಯ ಎಂದು ದೇವರ ಮುಂದಿಡುವ ಈ ಹಬ್ಬಕ್ಕೆ ನನ್ನ ಮನಸ್ಸಿನಲ್ಲಿ ಬೇರೆಯೇ ಜಾಗವಿದೆ.

ಮರುದಿನ ತೇರು. ಅದರ ಹಗ್ಗ ಬರುವುದು ರೋಣ ತಾಲ್ಲೂಕಿನ ಮಾಡಲಗೇರಿಯಿಂದ. ಹಳಿಬಂಡಿ ಎಂದು ಕರೆಯುವ ಬಂಡಿಯ ಮೇಲೆ ಹಗ್ಗವನ್ನು ಹೇರಿ, ಎತ್ತು ಹೂಡಿ, ಮಲಪ್ರಭೆಯನ್ನು ದಾಟಿಸಿಕೊಂಡು ತರುತ್ತಾರೆ. ಹಗ್ಗ ಒಂದು ಊರಿನದು, ತೇರು ಇನ್ನೊಂದು ಊರಿನದು, ಎಳೆಯುವವರು ಸುತ್ತಲ ಎಲ್ಲ ಊರಿನವರು. ಜಾತ್ರೆಯ ಹಕ್ಕು ಒಂದೇ ಊರಿನ ಕೈಯಲ್ಲಿ ಉಳಿಯದಂತೆ ಹಿರಿಯರು ಮಾಡಿಟ್ಟ ಏರ್ಪಾಡು ಇದು ಎಂದು ನನಗನಿಸುತ್ತದೆ.

ಜಾತ್ರೆಯ ಪೇಟೆಯಲ್ಲಿ ಬೆಂಡು, ಬೆತ್ತಾಸು, ಬಳೆ, ಆಟಿಕೆ ಇದ್ದದ್ದೇ. ಬೇರೆ ಕಡೆ ಅಷ್ಟಾಗಿ ಕಾಣದ ಸರಕೊಂದು ಇಲ್ಲಿದೆ: ಬಾಗಿಲು. ಕೆತ್ತನೆ ಮಾಡಿದ ಮರದ ಬಾಗಿಲು, ಚೌಕಟ್ಟು, ಕಿಟಕಿಗಳನ್ನು ಸಾಲಾಗಿ ನಿಲ್ಲಿಸಿ ಮಾರುತ್ತಾರೆ. ಮನೆ ಕಟ್ಟಿಸುವವರು ತಳಪಾಯದ ಹೊತ್ತಿಗೇ “ಬಾಗ್ಲಾ ಬನಶಂಕರಿ ಜಾತ್ರ್ಯಾಗ ತಗೊಳ್ಳೂಣು” ಎಂದು ಲೆಕ್ಕ ಹಾಕಿರುತ್ತಾರೆ. ಗಂಡ ಹೆಂಡತಿ ಇಬ್ಬರೂ ಚೌಕಟ್ಟಿನ ಮೇಲೆ ಕೈಯಾಡಿಸಿ, ಗಣಪತಿಯ ಕೆತ್ತನೆ ಚೆನ್ನಾಗಿದೆಯೋ ಗಜಲಕ್ಷ್ಮಿಯದೋ ಎಂದು ಚರ್ಚಿಸಿ, ಕೊನೆಗೆ ಟ್ರ್ಯಾಕ್ಟರಿಗೆ ಹೇರಿಕೊಂಡು ಹೊರಡುತ್ತಾರೆ.

ಹೊಟ್ಟೆಯ ವಿಷಯಕ್ಕೆ ಬಂದರೆ, ಬನಶಂಕರಿಯ ರೊಟ್ಟಿಗೆ ಜಾತ್ರೆಯೇ ಬೇಕಿಲ್ಲ. ವರ್ಷವಿಡೀ ಗುಡಿಯ ಎದುರು ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಕೆಂಪು ಖಾರ, ಸಣ್ಣ ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು. “ಬರ್ರೀ ಅಣ್ಣಾರ, ರೊಟ್ಟಿ ಉಣ್ಣ ಬರ್ರೀ” ಎಂದು ಕರೆಯುತ್ತಾರೆ. ಕಲ್ಲುಕಟ್ಟೆಯ ಮೇಲೆ ಕೂತು ಅಂಗೈ ಮೇಲೆ ರೊಟ್ಟಿ ಹಿಡಿದು ಉಣ್ಣಬೇಕು. ಸಜ್ಜೆಯೂ ಎಳ್ಳೂ ಮೈ ಬೆಚ್ಚಗಿಡುವ ಚಳಿಗಾಲದ ಊಟ. ಹಾಗಾಗಿ ಈ ರೊಟ್ಟಿಯ ನಿಜವಾದ ರುಚಿ ಜನವರಿಯಲ್ಲೇ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಉಂಡು ಎದ್ದವರು ಆ ತಾಯಂದಿರ ಹತ್ತಿರ ಚೌಕಾಸಿ ಮಾಡಬಾರದು. ನಸುಕಿನಲ್ಲೆದ್ದು ಬಡಿದ ರೊಟ್ಟಿ ಅದು.

ಕತ್ತಲಾದ ಮೇಲೆ ಜಾತ್ರೆಯ ಚಹರೆ ಬದಲಾಗುತ್ತದೆ. ಒಂದು ಥೇಟರಿನ ಧ್ವನಿವರ್ಧಕದಲ್ಲಿ ರಂಗಗೀತೆ, ಇನ್ನೊಂದರಲ್ಲಿ ಸಿನಿಮಾ ಹಾಡು, ಮತ್ತೊಂದರಲ್ಲಿ ಹಾಸ್ಯನಟನ ಮಾತಿನ ತುಣುಕು. ಬಣ್ಣದ ಭಾರಿ ಫಲಕಗಳ ಮೇಲೆ ನಾಯಕಿಯ ಮುಖ, ಕೆಳಗೆ ನಾಟಕದ ಹೆಸರು. ಒಳಗೆ ಮುಂದೆ ಕುರ್ಚಿ, ಹಿಂದೆ ಗ್ಯಾಲರಿ. ಒಂದು ಆಟ ಮುಗಿದು ಜನ ಹೊರಗೆ ಬರುವಷ್ಟರಲ್ಲಿ ಮುಂದಿನ ಆಟಕ್ಕೆ ಸರದಿ ನಿಂತಿರುತ್ತದೆ. ಎತ್ತಿನ ಬಂಡಿಯ ಕಾಲದಲ್ಲಿ ದೂರದ ಊರಿನಿಂದ ಬಂದವರು ರಾತ್ರಿ ಮರಳಿ ಹೋಗುವ ಮಾತೇ ಇರಲಿಲ್ಲ. ತೇರು ನೋಡಿ, ಉಂಡು, ನಾಟಕ ನೋಡುತ್ತ ಚಳಿಯ ರಾತ್ರಿ ಕಳೆದು, ಬೆಳಕು ಹರಿದ ಮೇಲೆ ಬಂಡಿ ಹೂಡುತ್ತಿದ್ದರು. ಬಂಡಿ ಹೋಗಿ ಟ್ರ್ಯಾಕ್ಟರು, ಟಂಟಂ, ಕಾರು ಬಂದಿವೆ. ರಾತ್ರಿಯಿಡೀ ನಾಟಕ ನೋಡುವ ರೂಢಿ ಮಾತ್ರ ಹಾಗೇ ಉಳಿದಿದೆ. ಕಂಬಳಿ ಹೊದ್ದ ಅಜ್ಜ, ಮಡಿಲಲ್ಲಿ ಮೊಮ್ಮಗುವನ್ನು ಮಲಗಿಸಿಕೊಂಡ ಅಜ್ಜಿ, ಹೊಸದಾಗಿ ಮದುವೆಯಾದ ಜೋಡಿ ಎಲ್ಲರೂ ಒಂದೇ ತಗಡಿನ ಕೆಳಗೆ ಕೂತಿರುತ್ತಾರೆ.

ಕಂಪನಿಗಳಿಗೆ ಈ ಜಾತ್ರೆ ಯಾಕಿಷ್ಟು ಮುಖ್ಯ ಎಂಬುದು ಅವರ ವರ್ಷದ ತಿರುಗಾಟ ಗೊತ್ತಿದ್ದರೆ ತಿಳಿಯುತ್ತದೆ. ವೃತ್ತಿ ಕಂಪನಿ ಎಂದರೆ ಕಲಾವಿದರು, ಪೇಟಿ ಮಾಸ್ತರರು, ತಬಲದವರು, ಪರದೆ ಎಳೆಯುವವರು, ಅಡುಗೆಯವರು, ಅವರ ಮಕ್ಕಳು ಮರಿ ಸೇರಿದ ಒಂದು ಸಂಸಾರ. ಊರಿಂದ ಊರಿಗೆ ಲಾರಿಯಲ್ಲಿ ತಗಡು, ಕಂಬ, ಪರದೆ, ಕುರ್ಚಿ ಹೇರಿಕೊಂಡು ಹೋಗಬೇಕು, ಥೇಟರು ಕಟ್ಟಬೇಕು, ಅದರ ಹಿಂದೆ ಬಿಡಾರ ಹಾಕಬೇಕು. ಇದಕ್ಕೆ ಕ್ಯಾಂಪು ಎನ್ನುತ್ತಾರೆ. ಸಾಮಾನ್ಯ ಕ್ಯಾಂಪಿನಲ್ಲಿ ಪ್ರೇಕ್ಷಕರು ಅದೇ ಊರಿನವರು, ನೋಡಿದವರೇ ಮತ್ತೆ ಬರಬೇಕು. ಅದಕ್ಕೆ ನಾಟಕ ಬದಲಿಸುತ್ತಿರಬೇಕು, ಮಳೆ ಹಿಡಿದರೆ ಆಟವೇ ಇಲ್ಲ. ಜಾತ್ರೆಯಲ್ಲಿ ಹಾಗಲ್ಲ, ಇಲ್ಲಿ ದಿನವೂ ಹೊಸ ಜನ. ಒಂದೇ ನಾಟಕವನ್ನು ರಾತ್ರಿಗೆ ಎರಡು ಮೂರು ಆಟದಂತೆ ವಾರಗಟ್ಟಲೆ ಆಡಬಹುದು. ಮಳೆಗಾಲದ ಸಾಲ ತೀರುವುದು, ಕಲಾವಿದರ ಬಾಕಿ ಸಂದಾಯವಾಗುವುದು ಇಲ್ಲಿನ ಕಲೆಕ್ಷನ್ನಿನಿಂದ. ಅದಕ್ಕೇ 2021 ಮತ್ತು 2022ರ ಜನವರಿಯಲ್ಲಿ ಕೊರೊನಾ ಕಾರಣ ಜಾತ್ರೆಗೆ ನಿರ್ಬಂಧ ಬಿದ್ದಾಗ ಈ ಕುಟುಂಬಗಳಿಗೆ ಆದ ಪೆಟ್ಟು ಊಹಿಸಲಿಕ್ಕೂ ಕಷ್ಟ. ಒಂದು ಬೆಳೆ ಕೈತಪ್ಪಿದ ಹಿಂದೆಯೇ ಇನ್ನೊಂದೂ ಕೈತಪ್ಪಿತ್ತು.

ಈ ರಂಗಪರಂಪರೆಗೆ ಬಾದಾಮಿಯ ನೆರೆಹೊರೆಯೇ ತವರು. 1870ರ ದಶಕದಲ್ಲಿ, ಮರಾಠಿ ನಾಟಕಗಳೇ ಈ ಭಾಗವನ್ನು ಆಳುತ್ತಿದ್ದಾಗ, ಗದಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕ ಮಂಡಳಿ ಕಟ್ಟಿದರು. ಮುಂದೆ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಬಾಲನಟನಾಗಿದ್ದ ಹುಡುಗನೇ ಮಲ್ಲಿಕಾರ್ಜುನ ಮನ್ಸೂರ. ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿ ರಂಗದಿಂದ ಹೊರಟು 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ಗದಗಿನ ವೀರೇಶ್ವರ ಪುಣ್ಯಾಶ್ರಮ ನಾಟಕ ಕಂಪನಿಯನ್ನೇ ಕಟ್ಟಿ ಅಂಧ ಮಕ್ಕಳ ಸಂಗೀತವಿದ್ಯೆಗೆ ಆಸರೆ ಮಾಡಿಕೊಂಡಿತು. ಬಸವೇಶ್ವರನ ಪಾತ್ರದಿಂದ ಮನೆಮಾತಾದ ಏಣಗಿ ಬಾಳಪ್ಪನವರು 2017ರಲ್ಲಿ ತೀರಿಕೊಂಡಾಗ ನೂರು ದಾಟಿದ್ದರು. ಹುನಗುಂದ ಸೀಮೆಯ ಸೂಳೇಭಾವಿಯ ಪಿ. ಬಿ. ಧುತ್ತರಗಿ ಬರೆದ ‘ಸಂಪತ್ತಿಗೆ ಸವಾಲ್’ ಕಂಪನಿಗಳಲ್ಲಿ ಗೆದ್ದ ಮೇಲೆ 1974ರಲ್ಲಿ ರಾಜಕುಮಾರ್ ಅವರ ಸಿನಿಮಾ ಆಯಿತು. ಆ ಚಿತ್ರವನ್ನು ಮೆಚ್ಚಿದವರಲ್ಲಿ ಎಷ್ಟು ಜನಕ್ಕೆ ಅದರ ಬೇರು ತಗಡಿನ ಥೇಟರಿನಲ್ಲಿದೆ ಎಂಬುದು ಗೊತ್ತು?

ಇಂದಿನ ಕಂಪನಿ ನಾಟಕಗಳ ಮೇಲೆ ಒಂದು ದೂರು ಬಲವಾಗಿದೆ: ದ್ವಂದ್ವಾರ್ಥದ ಮಾತು ಹೆಚ್ಚಾಯಿತು, ಪೇಟಿಯ ಜಾಗಕ್ಕೆ ಕೀಬೋರ್ಡ್ ಬಂತು, ಕಥೆಗಿಂತ ಕುಣಿತ ಮುಂದಾಯಿತು. ಇದರಲ್ಲಿ ಸುಳ್ಳಿಲ್ಲ. ಕೆಲವು ನಾಟಕಗಳ ಕೆಲವು ದೃಶ್ಯಗಳನ್ನು ಮನೆಮಂದಿಯೊಂದಿಗೆ ನೋಡುವುದು ಮುಜುಗರವೇ. ಆದರೂ ಇಷ್ಟನ್ನೇ ಹೇಳಿ ಬಾಗಿಲು ಹಾಕುವುದು ಅನ್ಯಾಯ. ಜೇವರ್ಗಿ ರಾಜಣ್ಣನವರ ‘ಕುಂಟ ಕೋಣ ಮೂಕ ಜಾಣ’ದಂಥ ನಾಟಕವನ್ನು ಜನ ಮತ್ತೆ ಮತ್ತೆ ನೋಡಿದ್ದು ಬರೀ ಪೋಲಿ ಮಾತಿಗಾಗಿ ಅಲ್ಲ. ಈ ನಟರು ಪ್ರೇಕ್ಷಕರ ನಾಡಿ ಹಿಡಿದು ಅಲ್ಲಲ್ಲೇ ಮಾತು ಹೊಸೆಯುತ್ತಾರೆ, ಊರಿನ ಸುದ್ದಿಯನ್ನು ಸಂಭಾಷಣೆಗೆ ಸೇರಿಸುತ್ತಾರೆ. ಹಿಂದಿನ ಸಾಲಿನವರಿಗೂ ಪದ ಪದ ಮುಟ್ಟಿಸುವ ಕಂಠ ಅವರದು. ರಾತ್ರಿ ಮೂರನೆಯ ಆಟದಲ್ಲೂ ಮೊದಲನೆಯ ಆಟದ ಹುರುಪಿನಿಂದ ರಂಗಕ್ಕೆ ಬರುವ ನಟಿಯ ಶ್ರಮಕ್ಕೆ ಯಾವ ರಂಗಶಾಲೆಯಾದರೂ ತಲೆಬಾಗಬೇಕು. ಒಳ್ಳೆಯ ಪ್ರೇಕ್ಷಕರು ದೂರ ಉಳಿದಷ್ಟೂ ನಾಟಕ ಕೆಳಗಿಳಿಯುತ್ತದೆ. ಅವರು ಬಂದು ಕೂತು, ಒಳ್ಳೆಯ ದೃಶ್ಯಕ್ಕೆ ಚಪ್ಪಾಳೆ ತಟ್ಟಿದರೆ ಮಾಲೀಕನ ಕಿವಿಗೆ ಅದು ಬೇಗ ಮುಟ್ಟುತ್ತದೆ. ಟಿಕೆಟ್ಟಿನ ಹಣದಿಂದಲೇ ಬದುಕುವ ರಂಗಭೂಮಿಯಲ್ಲಿ ನೋಡುಗನ ಮಾತಿಗೆ ಅಷ್ಟು ತೂಕವಿದೆ.

ಬಾದಾಮಿಗೆ ಪ್ರವಾಸಿಗರ ಕೊರತೆ ಇಲ್ಲ. ಚಳಿಗಾಲದಲ್ಲಿ ಶಾಲೆಯ ಪ್ರವಾಸದ ಬಸ್ಸುಗಳೂ ಬರುತ್ತವೆ. ಬೆಳಗ್ಗೆ ಮೇಣಬಸದಿಯ ಗುಹೆಗಳು, ಅಗಸ್ತ್ಯ ತೀರ್ಥ, ಮಧ್ಯಾಹ್ನ ಪಟ್ಟದಕಲ್ಲು, ಐಹೊಳೆ, ದಾರಿಯಲ್ಲಿ ಬನಶಂಕರಿಯಲ್ಲಿ ಅರ್ಧ ಗಂಟೆ, ಸಂಜೆಗೆ ವಾಪಸ್. ಸಾವಿರದ ನಾನೂರು ವರ್ಷದ ಕಲ್ಲಿನ ಕಲೆಯನ್ನು ಕಣ್ತುಂಬಿಕೊಂಡು, ಕೂಗಳತೆಯಲ್ಲಿ ಅದೇ ರಾತ್ರಿ ನಡೆಯಲಿರುವ ಜೀವಂತ ಕಲೆಯನ್ನು ಬಿಟ್ಟು ಹೊರಟುಬಿಡುತ್ತಾರೆ. ಗುಹೆಗಳು ಮುಂದಿನ ವರ್ಷವೂ ಅಲ್ಲೇ ಇರುತ್ತವೆ. ಕಂಪನಿಗಳ ಬಗ್ಗೆ ಅಷ್ಟು ಭರವಸೆಯಿಂದ ಹೇಳಲಾರೆ.

ಮುಂದಿನ ಬನದ ಹುಣ್ಣಿಮೆಗೆ ಹೋಗುವುದಾದರೆ ತೇರಿನ ದಿನದ ನೂಕುನುಗ್ಗಲು ಕಳೆದು ಒಂದು ವಾರ ಬಿಟ್ಟು ಹೋಗಿ. ಗದಗ–ಬಾಗಲಕೋಟೆ ಮಾರ್ಗದ ರೈಲು ಬಾದಾಮಿಗೆ ಬರುತ್ತದೆ, ಹುಬ್ಬಳ್ಳಿಯಿಂದ ಬಸ್ಸಿದೆ. ಬೆಚ್ಚಗಿನ ಹೊದಿಕೆ ಜೊತೆಗಿರಲಿ, ಬಯಲಿನ ಚಳಿ ನಡುರಾತ್ರಿಯಲ್ಲಿ ಜೋರಾಗಿರುತ್ತದೆ. ಹಗಲಲ್ಲಿ ದೇವಿಯ ದರ್ಶನ, ಕಟ್ಟೆಯ ಮೇಲೆ ರೊಟ್ಟಿ, ಸಂಜೆ ಪೇಟೆಯ ಸುತ್ತಾಟ ಮುಗಿಸಿ ಯಾವುದಾದರೂ ಒಂದು ಥೇಟರಿನ ಗಲ್ಲೆಯ ಮುಂದೆ ನಿಂತುಕೊಳ್ಳಿ. ಪರಿಚಯದವರ ಹತ್ತಿರ ಪಾಸು ಕೇಳಬೇಡಿ. ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡು, ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಆಟ ಪೂರ್ತಿ ನೋಡಿ ಬನ್ನಿ.