ಬಿಸ್ಕತ್ತಿನ ಡಬ್ಬಿಯಲ್ಲಿ ನಾದಯಂತ

ಯಕ್ಷಗಾನದ ಶ್ರುತಿಪೆಟ್ಟಿಗೆಯ ನಾದವನ್ನು ಕೇಳದವರು ನಮ್ಮ ಊರುಗಳಲ್ಲಿ ವಿರಳ. ಅಲ್ಲಿ ಗಾಳಿಯು ಲೋಹದ ರೀಡುಗಳನ್ನು ಕಂಪಿಸಿ ನಾದವನ್ನು ಹುಟ್ಟಿಸುತ್ತದೆ. ಗಾಳಿಗೆ ಬದಲಾಗಿ ವಿದ್ಯುತ್ತನ್ನೇ ಕಂಪಿಸುವಂತೆ ಮಾಡಿ ನಾದವನ್ನು ಪಡೆಯುವ ಯಂತ್ರವೇ ಸಿಂಥಸೈಜರ್. ಒಂದೊಂದು ಕೆಲಸಕ್ಕೆ ಒಂದೊಂದು ಬಿಡಿ ಘಟಕವಿದ್ದು, ಅವುಗಳನ್ನು ತಂತಿಗಳಿಂದ ಬೇಕಾದಂತೆ ಜೋಡಿಸುವಂತಿದ್ದರೆ ಅದು ‘ಮಾಡ್ಯುಲರ್’ ಸಿಂಥಸೈಜರ್.

ಅಮೆರಿಕದ ರಾಬರ್ಟ್ ಮೂಗ್ 1964ರಲ್ಲಿ ಇಂಥ ಯಂತ್ರವೊಂದನ್ನು ರೂಪಿಸಿದರು. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿಯೂ ಮೂಗ್ ಯಂತ್ರವೊಂದು ಸ್ಥಾಪನೆಗೊಂಡಿತು. ಅವು ಕಪಾಟಿನಷ್ಟು ದೊಡ್ಡವು. ಇಂದು ಬಳಕೆಯಲ್ಲಿರುವ ‘ಯೂರೋರ‍್ಯಾಕ್’ ಘಟಕಗಳ ಎತ್ತರ ಕೇವಲ 128.5 ಮಿ.ಮೀ. ಆದರೂ ಅವುಗಳ ಬೆಲೆ ನಮ್ಮ ಕೈಗೆಟುಕದು. ನಮ್ಮ ವಿಜ್ಞಾನ ಸಂಘಕ್ಕಿದ್ದುದು ಸ್ವಲ್ಪ ಹಣ ಮತ್ತು ಪ್ರಯೋಗಶಾಲೆಯ ಕಪಾಟಿನಲ್ಲಿ ಒಂದು ಖಾನೆ. ಅಷ್ಟರಲ್ಲೇ ಆಗುವುದನ್ನು ಮಾಡೋಣವೆಂದು ಹೊರಟೆವು.

ನಾವು ಆರಿಸಿದ್ದು ಸಿ.ಡಿ. 40106 ಎಂಬ ಅಗ್ಗದ ಐ.ಸಿ. ಇದರೊಳಗೆ ಆರು ದ್ವಾರಗಳಿವೆ. ಒಂದು ದ್ವಾರದ ಹೊರದಾರಿಯಿಂದ ಒಳದಾರಿಗೆ ಒಂದು ರೆಸಿಸ್ಟರ್, ಒಳದಾರಿಯಿಂದ ಬ್ಯಾಟರಿಯ ಋಣ ತುದಿಗೆ ಒಂದು ಕೆಪಾಸಿಟರ್ ಜೋಡಿಸಿದರೆ ಸಾಕು. ಕೆಪಾಸಿಟರ್ ತುಂಬಿದೊಡನೆ ದ್ವಾರ ಮಗುಚುತ್ತದೆ. ಬರಿದಾದೊಡನೆ ಮತ್ತೆ ಮಗುಚುತ್ತದೆ. ಏತದ ಬಾನಿ ತುಂಬಿ ಬರಿದಾಗುವ ಹಾಗೆ! 1 ಲಕ್ಷ ಓಮ್ ಮತ್ತು 0.1 ಮೈಕ್ರೊಫ್ಯಾರಡ್ ಇದ್ದರೆ ಸೆಕೆಂಡಿಗೆ ನೂರಕ್ಕಿಂತ ತುಸು ಹೆಚ್ಚು ಕಂಪನಗಳು. ರೆಸಿಸ್ಟರನ್ನು ಅರ್ಧ ಮಾಡಿದರೆ ಕಂಪನ ಇಮ್ಮಡಿ. ಅಂದರೆ ಕೆಳಗಿನ ‘ಸ’ ಮೇಲಿನ ‘ಸ’ ಆಗುತ್ತದೆ.

10 ಲಕ್ಷ ಓಮ್ ಮತ್ತು 1 ಮೈಕ್ರೊಫ್ಯಾರಡ್ ಹಾಕಿದರೆ ಕಂಪನ ಸೆಕೆಂಡಿಗೆ ಒಂದರಷ್ಟಕ್ಕೆ ಇಳಿಯುತ್ತದೆ. ಅದು ಕಿವಿಗೆ ಕೇಳದು. ಅದರಿಂದ ಒಂದು ಎಲ್.ಇ.ಡಿ. ದೀಪವನ್ನು ಮಿನುಗಿಸಿ, ಬೆಳಕಿಗೆ ರೋಧ ಕಡಿಮೆಯಾಗುವ ಎಲ್.ಡಿ.ಆರ್. ಅನ್ನು ಅದರೆದುರಿಟ್ಟು, ಎರಡಕ್ಕೂ ಕಪ್ಪು ಟೇಪು ಸುತ್ತಿದೆವು. ಆ ಎಲ್.ಡಿ.ಆರ್. ಅನ್ನು ಇನ್ನೊಂದು ಸ್ವರದ ರೆಸಿಸ್ಟರಿನ ಜಾಗದಲ್ಲಿ ಕೂರಿಸಿದಾಗ ಸ್ವರವು ತಾನೇ ಏರಿಳಿಯತೊಡಗಿತು. ಒಂದು ಘಟಕ ಮತ್ತೊಂದನ್ನು ಆಳುವ ಈ ಗುಣವೇ ಮಾಡ್ಯುಲರ್ ಯಂತ್ರದ ಜೀವಾಳ.

ಸ್ವರಗಳನ್ನು ಬೆರೆಸಿ, ಎಲ್.ಎಂ. 386 ವರ್ಧಕದ ಮೂಲಕ ಹಳೆಯ ರೇಡಿಯೋದ ಸ್ಪೀಕರಿಗೆ ಕೊಟ್ಟೆವು. ಎಲ್ಲವೂ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಅಡಗಿತು.

ನಾವು ಕಲಿತ ಎಚ್ಚರಿಕೆಗಳಿವು: ಮೊದಲ ಐ.ಸಿ. ಬ್ಯಾಟರಿಯನ್ನು ತಿರುಗುಮುರುಗಾಗಿ ಜೋಡಿಸಿದ್ದರಿಂದ ಸುಟ್ಟಿತು. ಬಳಸದ ಒಳದಾರಿಗಳನ್ನು ಋಣ ತುದಿಗೆ ಕಟ್ಟದಿದ್ದರೆ ಗದ್ದಲವೇಳುತ್ತದೆ. 9 ವೋಲ್ಟಿನ ಬ್ಯಾಟರಿಯೇ ಸಾಕು. ಮನೆಯ ವಿದ್ಯುತ್ತಿಗೆ ಎಂದೂ ಜೋಡಿಸಬಾರದು.

“ಪರೀಕ್ಷೆ ಹತ್ತಿರ ಬಂದಿರುವಾಗ ಇದೆಲ್ಲ ಏಕೆ?” ಎಂದು ಹಿರಿಯರು ಕೇಳಿದರು. ನಮ್ಮ ಯಂತ್ರ ಶ್ರುತಿಪೆಟ್ಟಿಗೆಗೆ ಸಮವಲ್ಲ, ನಿಜ. ಬ್ಯಾಟರಿ ಇಳಿದರೆ ಶ್ರುತಿಯೂ ಜಾರುತ್ತದೆ. ಆದರೆ ಕಂಪನ, ರೋಧ ಎಂದು ಬಾಯಿಪಾಠ ಮಾಡಿದ್ದ ಮಾತುಗಳನ್ನು ನಾವೀಗ ಕಿವಿಯಾರೆ ಕೇಳಿದ್ದೇವೆ. ಕೇಳಿ ತಿಳಿದುದನ್ನು ಮರೆಯುವುದು ಸುಲಭವಲ್ಲ.