ಯಾವ ಟೀವಿ ತರೋಣ?

ಟೀವಿ ಅಂಗಡಿಯೊಳಗೆ ಕಾಲಿಟ್ಟರೆ ಏನಾಗುತ್ತದೆ? ಗೋಡೆ ತುಂಬ ಟೀವಿಗಳು. ಎಲ್ಲದರಲ್ಲೂ ಹೂವು, ಮೀನು, ಬಣ್ಣದ ಹಕ್ಕಿ. ಕಣ್ಣು ಕೋರೈಸುತ್ತದೆ. ಅಷ್ಟರಲ್ಲಿ ಅಂಗಡಿಯ ಹುಡುಗ ಬರುತ್ತಾನೆ.

"ಬನ್ನಿ ಅಮ್ಮಾ. ಇದು ಎಲ್‌ಇಡಿ. ಇದು ಕ್ಯೂಎಲ್‌ಇಡಿ. ಅದು ಓಎಲ್‌ಇಡಿ. ಯಾವುದು ಕೊಡಲಿ?"

ನಮಗೆ ಒಂದೂ ತಿಳಿಯುವುದಿಲ್ಲ. ತಿಳಿಯಲಿಲ್ಲ ಅಂತ ಹೇಳಲು ನಾಚಿಕೆ. ಮನೆಯವರ ಮುಖ ನೋಡ್ತೇವೆ. ಅವರು ಹುಡುಗನ ಮುಖ ನೋಡ್ತಾರೆ. ಕೊನೆಗೆ ಹುಡುಗ ತೋರಿಸಿದ್ದನ್ನೇ ಹೊತ್ತು ತರ್ತೇವೆ.

ದುಡ್ಡು ಯಾರದು? ನಮ್ಮದು. ಕೂಲಿ ಮಾಡಿದ್ದು, ಹಾಲು ಮಾರಿದ್ದು, ಸಂಘದಲ್ಲಿ ಉಳಿಸಿದ್ದು. 2023ರಲ್ಲಿ ಶುರುವಾದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿಯನ್ನು ಕೂಡಿಟ್ಟು ಟೀವಿ ತಂದವರೂ ನಮ್ಮಲ್ಲಿ ಇದ್ದಾರೆ. 14,000 ರೂಪಾಯಿಯ ಟೀವಿ ಅಂದರೆ ಏಳು ತಿಂಗಳ ಹಣ. 40,000 ರೂಪಾಯಿಯದು ಅಂದರೆ ಇಪ್ಪತ್ತು ತಿಂಗಳ ಹಣ. ಹೆಸರು ತಿಳಿಯಲಿಲ್ಲ ಅಂತ ಅಷ್ಟು ಹಣ ಕಳೆಯೋಣವೇ?

ಬನ್ನಿ ಅಕ್ಕಂದಿರೇ, ಆ ಹೆಸರುಗಳನ್ನು ಬಿಡಿಸಿ ನೋಡೋಣ.

ಬೆಳಕು ಎಲ್ಲಿಂದ ಬರುತ್ತದೆ?

ಹಳೆಯ ಟೀವಿ ನೆನಪಿದೆಯೇ? ಹಿಂದೆ ದೊಡ್ಡ ಡುಬ್ಬ. ಎತ್ತಲು ಇಬ್ಬರು ಬೇಕು. 1987ರಲ್ಲಿ ರಾಮಾಯಣ ಧಾರಾವಾಹಿ ಶುರುವಾದಾಗ ಎಷ್ಟೋ ಊರುಗಳಲ್ಲಿ ಇದ್ದದ್ದು ಅಂಥ ಒಂದೋ ಎರಡೋ ಟೀವಿ. ಅದರ ಒಳಗೆ ಗಾಜಿನ ಬುರುಡೆ ಇತ್ತು. ಅದೇ ಪಿಕ್ಚರ್ ಟ್ಯೂಬ್. ಈಗಿನ ಚಪ್ಪಟೆ ಟೀವಿಯಲ್ಲಿ ಆ ಬುರುಡೆ ಇಲ್ಲ. ಹಾಗಾದರೆ ಚಿತ್ರ ಹೇಗೆ ಮೂಡುತ್ತದೆ?

ತೊಗಲುಬೊಂಬೆ ಆಟ ನೋಡಿದ್ದೀರಾ? ಮುಂದೆ ಬಿಳಿ ಪರದೆ. ಹಿಂದೆ ದೀಪ. ನಡುವೆ ಬಣ್ಣ ಬಳಿದ ತೊಗಲಿನ ಬೊಂಬೆ. ಬೊಂಬೆಗೆ ತನ್ನದೇ ಬೆಳಕಿಲ್ಲ. ಹಿಂದಿನ ದೀಪ ಆರಿದರೆ ರಾಮನೂ ಇಲ್ಲ, ರಾವಣನೂ ಇಲ್ಲ.

ಎಲ್‌ಇಡಿ ಟೀವಿ ಕೆಲಸ ಮಾಡುವುದೂ ಹೀಗೇ. ಪರದೆಯ ಹಿಂದೆ ದೀಪಗಳಿವೆ. ಪರದೆಯ ಒಳಗೆ ಒಂದು ಬಗೆಯ ದ್ರವದ ತೆಳು ಪದರ ಇದೆ. ಈ ಪರದೆಗೆ ಎಲ್‌ಸಿಡಿ ಅಂತ ಹೆಸರು. ಆ ದ್ರವ ಲಕ್ಷಾಂತರ ಪುಟ್ಟ ಕಿಟಕಿಗಳ ಹಾಗೆ ಕೆಲಸ ಮಾಡುತ್ತದೆ. ಕರೆಂಟು ಹೇಳಿದ ಹಾಗೆ ಕಿಟಕಿ ತೆರೆಯುತ್ತದೆ, ಮುಚ್ಚುತ್ತದೆ. ಬೇಕಾದಷ್ಟು ಬೆಳಕು ಮಾತ್ರ ಈಚೆ ಬರುತ್ತದೆ.

ಮೊದಮೊದಲು ಹಿಂದಿನ ದೀಪದ ಜಾಗದಲ್ಲಿ ಸಣ್ಣ ಟ್ಯೂಬ್‌ಲೈಟ್ ಇಡುತ್ತಿದ್ದರು. ಆಗ ಅದನ್ನು ಎಲ್‌ಸಿಡಿ ಟೀವಿ ಅಂದರು. ಆಮೇಲೆ ಎಲ್‌ಇಡಿ ದೀಪ ಇಟ್ಟರು. ಆಗ ಎಲ್‌ಇಡಿ ಟೀವಿ ಅಂದರು. ಪರದೆ ಅದೇ, ದೀಪ ಮಾತ್ರ ಬೇರೆ. ಟೀವಿ ತೆಳುವಾಯಿತು, ಕರೆಂಟೂ ಉಳಿಯಿತು.

ಕ್ಯೂಎಲ್‌ಇಡಿ ಅಂದರೇನು? ಇದೂ ತೊಗಲುಬೊಂಬೆಯ ಜಾತಿಯೇ. ಹಿಂದೆ ಅದೇ ಎಲ್‌ಇಡಿ ದೀಪ. ದೀಪಕ್ಕೂ ಪರದೆಗೂ ನಡುವೆ ಇನ್ನೊಂದು ತೆಳು ಹಾಳೆ ಸೇರಿಸಿದ್ದಾರೆ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿವೆ. ಅವು ಬಣ್ಣವನ್ನು ಶುದ್ಧ ಮಾಡುತ್ತವೆ. ರೇಷ್ಮೆ ಸೀರೆಯ ಕೆಂಪು ಇನ್ನಷ್ಟು ಕೆಂಪಾಗಿ ಕಾಣುತ್ತದೆ. ಅಷ್ಟೇ ವ್ಯತ್ಯಾಸ.

ಓಎಲ್‌ಇಡಿ ಮಾತ್ರ ಬೇರೆ ಜಾತಿ. ಇದರ ಹಿಂದೆ ದೀಪವೇ ಇಲ್ಲ! ದೀಪಾವಳಿಯಲ್ಲಿ ಜಗಲಿ ಮೇಲೆ ಹಣತೆಗಳನ್ನು ಸಾಲಾಗಿ ಇಡ್ತೇವಲ್ಲ, ಹಾಗೆ. ಪ್ರತಿ ಹಣತೆಗೂ ತನ್ನದೇ ಬೆಳಕು. ಯಾವ ಹಣತೆ ಆರಿತೋ ಅಲ್ಲಿ ಕತ್ತಲೆ. ಓಎಲ್‌ಇಡಿ ಪರದೆಯ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ಆದ್ದರಿಂದ ಅದರಲ್ಲಿ ಕಪ್ಪು ಅಂದರೆ ಅಪ್ಪಟ ಕಪ್ಪು. ಎಲ್‌ಇಡಿ ಟೀವಿಯಲ್ಲಿ ಹಿಂದಿನ ಬೆಳಕು ಸ್ವಲ್ಪ ಸೋರುತ್ತದೆ. ರಾತ್ರಿಯ ದೃಶ್ಯದಲ್ಲಿ ಕಪ್ಪು ಬೂದಿ ಬಣ್ಣಕ್ಕೆ ತಿರುಗುತ್ತದೆ.

ಚಿತ್ರದ ಚೆಂದದಲ್ಲಿ ಓಎಲ್‌ಇಡಿಯೇ ಮೇಲು. ಅದನ್ನು ಒಪ್ಪಬೇಕು. ಆದರೆ ಬೆಲೆ ಲಕ್ಷದ ಆಸುಪಾಸು. ಹಗಲೆಲ್ಲ ಬಾಗಿಲು ತೆರೆದಿಟ್ಟು ಬಿಸಿಲು ಒಳಗೆ ಬರುವ ಮನೆಯಲ್ಲಿ ಆ ಕಪ್ಪಿನ ಚೆಂದ ಕಾಣುವುದೂ ಇಲ್ಲ. ಇನ್ನೊಂದು ತೊಂದರೆಯೂ ಉಂಟು. ದಿನವಿಡೀ ಒಂದೇ ಚಾನೆಲ್ ಹಾಕಿಟ್ಟರೆ ಮೂಲೆಯಲ್ಲಿರುವ ಚಾನೆಲ್ಲಿನ ಗುರುತು ಪರದೆಯ ಮೇಲೆ ಅಚ್ಚೊತ್ತಿದ ಹಾಗೆ ಉಳಿದುಬಿಡಬಹುದು. ಕೂಲಿ ಹಣದಲ್ಲಿ ತರುವ ಟೀವಿ ಇದಲ್ಲ ಅಂತ ನಮಗೆ ಅನ್ನಿಸುತ್ತದೆ. ಸಾಮಾನ್ಯ ಎಲ್‌ಇಡಿ ನಮಗೆ ಸಾಕು.

ಪ್ಲಾಸ್ಮಾ ಅಂತ ಇನ್ನೊಂದು ಬಗೆ ಇತ್ತು. ದೊಡ್ಡ ಕಂಪನಿಗಳು 2013-14ರಲ್ಲೇ ಅದನ್ನು ಮಾಡುವುದು ಬಿಟ್ಟವು. ಹಳೆಯದು ಅಗ್ಗಕ್ಕೆ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಕರೆಂಟು ಜಾಸ್ತಿ ಕುಡಿಯುತ್ತದೆ. ಕೆಟ್ಟರೆ ಬಿಡಿಭಾಗ ಸಿಗುವುದು ಕಷ್ಟ.

ಬಾಲ ಇರುವ ಸೊನ್ನೆ

ಪೆಟ್ಟಿಗೆಯ ಮೇಲೆ ಹೆಸರು ಇಂಗ್ಲಿಷಿನಲ್ಲಿ ಇರುತ್ತದೆ. ನಾವು ಕಲಿತದ್ದು ಕನ್ನಡ. ಆದರೂ ಗುರುತು ಹಿಡಿಯಬಹುದು. ಮೂರೇ ಅಕ್ಷರ ಇದ್ದರೆ ಎಲ್‌ಇಡಿ. ನಾಲ್ಕು ಅಕ್ಷರ ಇದ್ದರೆ ಮೊದಲನೆಯದನ್ನು ಸರಿಯಾಗಿ ನೋಡಿ. ಅದು ಬರೀ ಸೊನ್ನೆಯ ಹಾಗಿದ್ದರೆ ಓಎಲ್‌ಇಡಿ. ಸೊನ್ನೆಯ ಕೆಳಗೆ ಒಂದು ಸಣ್ಣ ಬಾಲ ಇದ್ದರೆ ಕ್ಯೂಎಲ್‌ಇಡಿ.

ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ. ಬೆಲೆಯಲ್ಲಿ ಮಾತ್ರ ಅಜಗಜಾಂತರ. ಬಾಲ ಇದೆಯೋ ಇಲ್ಲವೋ ನೋಡದೆ ದುಡ್ಡು ಕೊಡಬೇಡಿ. ಅನುಮಾನ ಬಂದರೆ ಒಂದೇ ಪ್ರಶ್ನೆ ಕೇಳಿ: "ಇದರ ಹಿಂದೆ ದೀಪ ಇದೆಯಾ, ಚುಕ್ಕಿಯೇ ಬೆಳಗುತ್ತದಾ?" ಹುಡುಗ ನಿಮ್ಮನ್ನು ಇನ್ನೊಂದು ಸಲ ತಿರುಗಿ ನೋಡ್ತಾನೆ.

ರಂಗೋಲಿಯ ಹಾಗೆ

ಈಗ ಫೋರ್‌ಕೆ ಅಂದರೇನು ನೋಡೋಣ. ರಂಗೋಲಿ ಹಾಕುವ ನಮಗೆ ಇದು ಕಷ್ಟವಲ್ಲ. ಚುಕ್ಕಿ ಹೆಚ್ಚಿದಷ್ಟೂ ರಂಗೋಲಿ ನಯವಾಗುತ್ತದೆ. ಟೀವಿಯ ಚಿತ್ರವೂ ಚುಕ್ಕಿಗಳಿಂದಲೇ ಆದದ್ದು. ಎಚ್‌ಡಿ ರೆಡಿ ಎಂಬ ಟೀವಿಯಲ್ಲಿ ಸುಮಾರು 10 ಲಕ್ಷ ಚುಕ್ಕಿ. ಫುಲ್ ಎಚ್‌ಡಿಯಲ್ಲಿ ಸುಮಾರು 20 ಲಕ್ಷ. ಫೋರ್‌ಕೆಯಲ್ಲಿ ಸುಮಾರು 83 ಲಕ್ಷ.

83 ಲಕ್ಷವೇ ಒಳ್ಳೆಯದಲ್ಲವೇ? ನಿಲ್ಲಿ. ಮನೆಗೆ ಬರುವ ಚಾನೆಲ್ ಎಂಥದು? ಎಚ್‌ಡಿ ಅಲ್ಲದ ಮಾಮೂಲಿ ಚಾನೆಲ್ ಕಳಿಸುವುದೇ ಸುಮಾರು 4 ಲಕ್ಷ ಚುಕ್ಕಿ. ತಿಂಗಳ ಬಾಡಿಗೆ ಇಲ್ಲದ ಡಿಡಿ ಫ್ರೀ ಡಿಶ್‌ನಲ್ಲಿ ನಾವು ನೋಡುವ ಚಾನೆಲ್‌ಗಳು ಹೆಚ್ಚಾಗಿ ಮಾಮೂಲಿಯವೇ. ಉಳಿದ ಚುಕ್ಕಿಗಳನ್ನು ಟೀವಿ ತಾನೇ ಅಂದಾಜಿನಲ್ಲಿ ತುಂಬಿಕೊಳ್ಳುತ್ತದೆ. ನಾಲ್ಕು ಸೇರು ಹಿಟ್ಟಿಗೆ ಕೊಪ್ಪರಿಗೆ ನೀರು ಸುರಿದ ಹಾಗೆ. ಪರದೆ ದೊಡ್ಡದಾದಷ್ಟೂ ಮುಖಗಳು ಮಸುಕು.

32 ಇಂಚಿನ ಟೀವಿಗೆ ಎಚ್‌ಡಿ ರೆಡಿ ಸಾಕು. 43 ಇಂಚಿನದಾದರೆ ಫುಲ್ ಎಚ್‌ಡಿ ಒಳ್ಳೆಯದು. ಮನೆಯಲ್ಲಿ ಒಳ್ಳೆಯ ಇಂಟರ್‌ನೆಟ್ ಇದ್ದು, ಮಕ್ಕಳು ಅದರಲ್ಲೇ ಸಿನಿಮಾ ನೋಡುವವರಾದರೆ ಫೋರ್‌ಕೆ ಯೋಚಿಸಬಹುದು. ಇಂಟರ್‌ನೆಟ್ ಹಿಡಿಯುವ ಟೀವಿಗೆ ಸ್ಮಾರ್ಟ್ ಟೀವಿ ಅನ್ನುತ್ತಾರೆ. ಮೊಬೈಲಿನಿಂದ ಅದಕ್ಕೆ ಡೇಟಾ ಕೊಟ್ಟರೆ ಗಂಟೆಗೆ ಸುಮಾರು 1ರಿಂದ 3 ಜಿಬಿ ಖರ್ಚಾಗುತ್ತದೆ. ದಿನದ ಡೇಟಾ ಒಂದೇ ಸಿನಿಮಾಕ್ಕೆ ಮುಗಿದುಹೋದೀತು.

ಗೋಡೆಗೆ ತಕ್ಕ ಅಳತೆ

ಟೀವಿಯ ಇಂಚನ್ನು ಅಳೆಯುವುದು ಅಡ್ಡಕ್ಕಲ್ಲ, ಉದ್ದಕ್ಕಲ್ಲ. ಒಂದು ಮೂಲೆಯಿಂದ ಎದುರು ಮೂಲೆಗೆ, ಓರೆಯಾಗಿ. 32 ಇಂಚಿನ ಪರದೆಯ ಅಗಲ 28 ಇಂಚು, ಎಂದರೆ ಎರಡು ಅಡಿ ನಾಲ್ಕು ಇಂಚು. 43 ಇಂಚಿನದು ಮೂರು ಅಡಿಗಿಂತ ತುಸು ಹೆಚ್ಚು. 55 ಇಂಚಿನದು ನಾಲ್ಕು ಅಡಿ ಅಗಲ.

ಅಂಗಡಿಗೆ ಹೋಗುವ ಮೊದಲು ಮನೆಯ ಗೋಡೆಗೆ ಹಳೆಯ ಪೇಪರನ್ನು ಅಷ್ಟು ಅಗಲಕ್ಕೆ ಅಂಟಿಸಿ ನೋಡಿ. ದಿನವೂ ಕೂರುವ ಜಾಗದಲ್ಲಿ ಕೂತು ನೋಡಿ. ನಾಲ್ಕೈದು ಅಡಿ ದೂರದಲ್ಲಿ ಕೂರುವ ಮನೆಗೆ 32 ಇಂಚು ಸಾಕು. ಆರೇಳು ಅಡಿ ಜಾಗ ಇದ್ದರೆ 43 ಇಂಚು. ನಮ್ಮ ಮನೆಗಳ ನಡುಮನೆಗೆ 55 ಇಂಚು ಯಾಕೆ ಬೇಕು?

ದೊಡ್ಡ ಟೀವಿ ಕರೆಂಟನ್ನೂ ಹೆಚ್ಚು ತಿನ್ನುತ್ತದೆ. ಲೆಕ್ಕ ಹಾಕಿ. 50 ವ್ಯಾಟಿನ ಟೀವಿ ದಿನಕ್ಕೆ 5 ಗಂಟೆ ಓಡಿದರೆ ನಾಲ್ಕು ದಿನಕ್ಕೆ 1 ಯೂನಿಟ್. ತಿಂಗಳಿಗೆ ಏಳೂವರೆ ಯೂನಿಟ್. 150 ವ್ಯಾಟಿನದು ತಿಂಗಳಿಗೆ ಇಪ್ಪತ್ತೆರಡೂವರೆ ಯೂನಿಟ್ ತಿನ್ನುತ್ತದೆ. ಗೃಹಜ್ಯೋತಿ ಇದೆಯಲ್ಲ ಅಂತೀರಾ? 2023ರಲ್ಲಿ ಆ ಯೋಜನೆ ಬಂದಾಗ ಎಲ್ಲರಿಗೂ 200 ಯೂನಿಟ್ ಅಂತ ಇರಲಿಲ್ಲ. ಮನೆಮನೆಯ ಹಳೆಯ ಬಳಕೆ ನೋಡಿ ಮಿತಿ ಗೊತ್ತುಮಾಡಿದರು. ಮಿತಿ ದಾಟಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು. ನಿಮ್ಮ ಮನೆಯ ಬಿಲ್ಲು ತೆಗೆದು ಓದಿ. ಟೀವಿಯ ಮೇಲೆ ನಕ್ಷತ್ರಗಳ ಚೀಟಿ ಇದ್ದರೆ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಅದರಲ್ಲಿ ಬರೆದಿರುತ್ತದೆ. ನಕ್ಷತ್ರ ಹೆಚ್ಚಿದ್ದಷ್ಟೂ ಉಳಿತಾಯ.

ಓರೆಯಿಂದ ನೋಡಿ

ಅಂಗಡಿಯಲ್ಲಿ ಹೂವು, ಹಕ್ಕಿ ತೋರಿಸುವುದು ಪರದೆ ಚೆಂದ ಕಾಣಲಿ ಅಂತಲೇ. ಬೆಳಕನ್ನೂ ಅಲ್ಲಿ ವಿಪರೀತ ಏರಿಸಿಟ್ಟಿರುತ್ತಾರೆ. ಆದ್ದರಿಂದ ಹೀಗೆ ಹೇಳಿ: "ಮನೆಯಲ್ಲಿ ಇರುವಷ್ಟು ಬೆಳಕು ಇಡಿ. ನಾವು ನೋಡುವ ಚಾನೆಲ್ ಹಾಕಿ." ಧಾರಾವಾಹಿಯ ಮುಖಗಳು ಹೇಗೆ ಕಾಣುತ್ತವೆ ನೋಡಿ.

ಆಮೇಲೆ ಪಕ್ಕಕ್ಕೆ ಸರಿದು ನಿಲ್ಲಿ. ನಮ್ಮಲ್ಲಿ ಟೀವಿಯ ಎದುರಿಗೇ ಕೂರುವವರು ಯಾರು? ಎದುರಿನ ಜಾಗ ಗಂಡಸರದು, ಮಕ್ಕಳದು. ನಾವು ಅಡುಗೆಮನೆಯ ಬಾಗಿಲಲ್ಲಿ ಸೊಪ್ಪು ಸೋಸುತ್ತಾ ಓರೆಯಿಂದ ನೋಡುವವರು. ಕೆಲವು ಎಲ್‌ಇಡಿ ಟೀವಿಗಳು ಪಕ್ಕದಿಂದ ಪೂರ್ತಿ ಬಿಳಿಚಿಕೊಳ್ಳುತ್ತವೆ. ಕೆಲವು ಅಷ್ಟಾಗಿ ಬಿಳಿಚುವುದಿಲ್ಲ. ಎರಡಕ್ಕೂ ಹೆಸರು ಒಂದೇ, ಬೆಲೆಯೂ ಒಂದೇ ಇರಬಹುದು. ನಿಂತು ನೋಡಿದರೇ ಗೊತ್ತಾಗುವುದು. ಬೇರೆಯವರು ಈ ಪರೀಕ್ಷೆ ಮಾಡುವುದಿಲ್ಲ. ನಾವೇ ಮಾಡಬೇಕು.

ದನಿಯನ್ನೂ ಏರಿಸಿ ಕೇಳಿ. ಚಪ್ಪಟೆ ಟೀವಿಯ ಒಳಗೆ ಜಾಗ ಕಡಿಮೆ. ದನಿ ಸಣ್ಣದಾಗಿರುತ್ತದೆ. ಮಿಕ್ಸಿ ತಿರುಗುವಾಗ ಕೇಳಬೇಡವೇ?

ಕಂತಿನ ಕಾಗದ

ಪೆಟ್ಟಿಗೆಯ ಮೇಲೆ ಎಂಆರ್‌ಪಿ ಬೆಲೆ ಬರೆದಿರುತ್ತದೆ. ಎಲ್ಲ ತೆರಿಗೆ ಅದರಲ್ಲೇ ಸೇರಿದೆ. "ಜಿಎಸ್‌ಟಿ ಬೇರೆ" ಅಂತ ಅದರ ಮೇಲೆ ಕೇಳುವಂತಿಲ್ಲ. 32 ಇಂಚಿಗಿಂತ ದೊಡ್ಡ ಟೀವಿಗೆ ಮೊದಲು ತೆರಿಗೆ ಶೇಕಡಾ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದನ್ನು ಶೇಕಡಾ 18ಕ್ಕೆ ಇಳಿಸಿದರು.

ಹುಡುಗ ಹೇಳ್ತಾನೆ, "ಪೂರ್ತಿ ಹಣ ಬೇಡ ಅಮ್ಮಾ. ತಿಂಗಳಿಗೆ 1,250 ಕಟ್ಟಿ, ಸಾಕು." ಕೇಳಲು ಹಿತವಾಗಿದೆ. ಎಷ್ಟು ತಿಂಗಳು? ಹನ್ನೆರಡು. 1,250ನ್ನು 12ರಿಂದ ಗುಣಿಸಿ. 15,000 ಆಯಿತು. ಕಾಗದಪತ್ರದ ಖರ್ಚು ಅಂತ 600. ಒಟ್ಟು 15,600. ಟೀವಿಯ ನಗದು ಬೆಲೆ 14,000 ಆಗಿದ್ದರೆ 1,600 ಹೆಚ್ಚು ಕೊಟ್ಟಂತಾಯಿತು. "ಬಡ್ಡಿ ಇಲ್ಲ" ಅನ್ನುವ ಕಂತೂ ಇದೆ. ಅಲ್ಲಿ ಕೇಳಬೇಕಾದ್ದು ಒಂದೇ: "ನಗದು ಕೊಟ್ಟರೆ ಎಷ್ಟು ಬಿಡ್ತೀರಿ?" ಬಿಡುವ ಆ ಹಣವೇ ಬಡ್ಡಿ.

ಮೊದಲೆಲ್ಲ ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿ ಬರುತ್ತಿದ್ದೆವು. ಈಗ ಸಹಿ ಹಾಕ್ತೇವೆ. ಓದದೆ ಹಾಕಿದ ಸಹಿಗೂ ಹೆಬ್ಬೆಟ್ಟಿಗೂ ಏನು ವ್ಯತ್ಯಾಸ? ರಿಸರ್ವ್ ಬ್ಯಾಂಕು ಒಂದು ನಿಯಮ ಮಾಡಿದೆ. 2024ರ ಅಕ್ಟೋಬರ್ 1ರಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಇಂಥ ಹೊಸ ಸಾಲ ಕೊಡುವಾಗ ಅದರ ಮುಖ್ಯ ವಿವರಗಳ ಹಾಳೆಯನ್ನು ನಮಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಬಡ್ಡಿ, ಖರ್ಚು, ಒಟ್ಟು ಕಟ್ಟುವ ಹಣ ಎಲ್ಲ ಅದರಲ್ಲಿ ಇರಬೇಕು. "ಕನ್ನಡದಲ್ಲಿ ಕೊಡಿ" ಅಂತ ಕೇಳಿ. ಕೂತು ಓದಿ. ತಡವಾದರೆ ಆಗಲಿ. ಹಿಂದೆ ನಿಂತವರು ಕಾಯಲಿ.

ವಾರದ ಕಂತಿನ ಸಾಲ ತೆಗೆದು ಟೀವಿ ತರುವುದು ಮಾತ್ರ ಖಂಡಿತ ಬೇಡ. ಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಎಷ್ಟೋ ಮನೆಗಳು ಅಷ್ಟು ನೊಂದಿದ್ದವು. ಸಂಘದಲ್ಲಿ ಸಾಲ ಸಿಗುವುದಾದರೆ ಅದು ಮೇಲು. ಕಟ್ಟಿದ ಬಡ್ಡಿ ನಮ್ಮ ಸಂಘಕ್ಕೇ ಬರುತ್ತದೆ.

ಮನೆಗೆ ಬಂದ ಮೇಲೆ

ಬಿಲ್ಲು ಕೇಳಿ ಪಡೆಯಿರಿ. ವಾರಂಟಿ ಕಾರ್ಡಿನ ಮೇಲೆ ತಾರೀಕು, ಅಂಗಡಿಯ ಮೊಹರು ಬೀಳಬೇಕು. ಟೀವಿಯ ಹಿಂದೆ ಒಂದು ಉದ್ದದ ನಂಬರ್ ಇರುತ್ತದೆ. ಅದೇ ನಂಬರ್ ಬಿಲ್ಲಿನಲ್ಲೂ ಇದೆಯಾ ನೋಡಿ. ನಮ್ಮ ತಾಲ್ಲೂಕಿನಲ್ಲಿ ರಿಪೇರಿ ಮಾಡುವವರು ಇದ್ದಾರಾ ಕೇಳಿ. ಹೆಸರೇ ಕೇಳದ ಕಂಪನಿಯ ಅಗ್ಗದ ಟೀವಿ ಕೆಟ್ಟರೆ ಯಾರನ್ನು ಹುಡುಕುವುದು? ಪರದೆ ಒಡೆದರೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ. ಮಕ್ಕಳ ಚೆಂಡಿಗೆ ಸಿಗದ ಎತ್ತರದಲ್ಲಿ ಟೀವಿ ಇಡಿ.

ಮೋಸವಾದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಪರಿಹಾರ ಸಿಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. 5 ಲಕ್ಷ ರೂಪಾಯಿ ಒಳಗಿನ ವಸ್ತುವಿಗೆ ಶುಲ್ಕ ಇಲ್ಲ.

ಗುಡುಗು ಶುರುವಾದ ಕೂಡಲೇ ಟೀವಿಯ ಪ್ಲಗ್ ಕೀಳಿ. ಸ್ವಿಚ್ ಆರಿಸಿದರೆ ಸಾಲದು. ಡಿಶ್‌ನಿಂದ ಬರುವ ತಂತಿಯನ್ನೂ ಬಿಚ್ಚಿ. ಸಿಡಿಲು ಆ ತಂತಿಯ ಮೂಲಕವೂ ಒಳಗೆ ಬರುತ್ತದೆ.

ಹಳೆಯ ಡುಬ್ಬದ ಟೀವಿ ಇನ್ನೂ ಅಟ್ಟದ ಮೇಲಿದ್ದರೆ ಒಡೆಯಬೇಡಿ. ಆ ಗಾಜಿನಲ್ಲಿ ಸೀಸ ಇದೆ. ಅದು ವಿಷ. ಹಿತ್ತಿಲಲ್ಲಿ ಬಿಸಾಡಿದರೆ ಮಣ್ಣಿಗೂ ನೀರಿಗೂ ಸೇರುತ್ತದೆ. ಹೊಸ ಟೀವಿ ಕೊಡುವ ಅಂಗಡಿಯಲ್ಲಿ ಹಳೆಯದನ್ನು ತಗೊಳ್ತೀರಾ ಅಂತ ಕೇಳಿ. ತಗೊಂಡರೆ ಅದಕ್ಕೆ ಎಷ್ಟು ಬಿಟ್ಟಿದ್ದಾರೆ ಅನ್ನುವುದನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ.